ಅಧ್ಯಕ್ಷಪೀಠವೂ ಅಭಯವೂ

ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ನಗರಸಭೆಗಳಿವೆ, ಮಾಗಡಿಯಲ್ಲಿ ಪುರಸಭೆಯಿದೆ. ಇಂಥ ಸಭೆಯೊಂದರ ಅಧ್ಯಕ್ಷಪೀಠದಲ್ಲಿ ದಲಿತರೊಬ್ಬರು ಕುಳಿತರೆಂಬ ಸುದ್ದಿ ಬಂದಾಗ, "ಇನ್ನೆಲ್ಲಿಯ ಜಾತಿ ಬಾಧೆ? ಅವರೇ ಊರಾಳುತ್ತಿದ್ದಾರಲ್ಲ!" ಎಂದು ನಾವು ಸಮಾಧಾನ ತಂದುಕೊಳ್ಳುವುದುಂಟು. ಈ ಸಮಾಧಾನಕ್ಕೆ ಆಧಾರವೆಷ್ಟು? ವಾಚಕರು ನನ್ನೊಡನೆ ಸ್ವಲ್ಪ ವಿಚಾರಮಾಡಬೇಕೆಂದು ಪ್ರಾರ್ಥನೆ.

ಮೊದಲು ಪೀಠ ದೊರೆಯುವ ಬಗೆಯನ್ನು ನೋಡೋಣ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದಂತೆ ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಆ ಸ್ಥಾನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಎಂದು ಸರದಿಯ ಮೇಲೆ ಮೀಸಲಾಗುತ್ತದೆ. ಮೀಸಲಿಲ್ಲದಿದ್ದರೆ ಎಷ್ಟೋ ಕಡೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆದ್ದರಿಂದ ಅದನ್ನು ಹಗುರಾಗಿ ಕಾಣಬಾರದು. ಆದರೆ ಬಾಗಿಲು ತೆರೆದದ್ದು ಕಾನೂನು. ಊರಿನ ಮನಸ್ಸು ತೆರೆಯಿತೆಂಬುದಕ್ಕೆ ಅದು ಸಾಕ್ಷಿಯಾಗಲಾರದು. ನಮ್ಮ ನಾಲ್ಕು ಊರುಗಳ ವಿಧಾನಸಭಾ ಕ್ಷೇತ್ರಗಳೂ ಸಾಮಾನ್ಯ ಕ್ಷೇತ್ರಗಳು. ಕಾನೂನಿನ ಒತ್ತಾಯವಿಲ್ಲದ ಅಲ್ಲಿ ಯಾವ ಪಕ್ಷ ಯಾರನ್ನು ನಿಲ್ಲಿಸುತ್ತದೆ, ನಾವು ಯಾರನ್ನು ಗೆಲ್ಲಿಸುತ್ತೇವೆ ಎಂಬುದೇ ಮನಸ್ಸಿನ ಸಾಕ್ಷಿ.

ಹಾಗಾದರೆ ಜನ ತಾವಾಗಿಯೇ ಒಲಿದು ಆರಿಸಿದರೆ ಸಾಕೆ? ಅದಕ್ಕೆ ದೂರದ ಅಮೆರಿಕದ ನಿದರ್ಶನವೊಂದುಂಟು. ಲಾಸ್ ಏಂಜಲೀಸ್ ನಗರದಲ್ಲಿ ಕಪ್ಪು ಜನರು ಐದರಲ್ಲೊಂದು ಪಾಲೂ ಇರಲಿಲ್ಲ. ಆದರೂ 1973ರಲ್ಲಿ ಆ ಜನಾಂಗದ ಟಾಮ್ ಬ್ರಾಡ್ಲಿ ಅಲ್ಲಿನ ಮೇಯರ್ ಆಗಿ ಆರಿಸಿಬಂದು, 20 ವರ್ಷ ಆಡಳಿತ ನಡೆಸಿದರು. ಅವರಿರುವಾಗಲೇ, 1991ರಲ್ಲಿ, ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸರು ರಸ್ತೆಯಲ್ಲಿ ಕೆಡವಿ ಬಡಿದರು. ಮರುವರ್ಷ ನ್ಯಾಯಾಲಯದಲ್ಲಿ ಆ ಪೊಲೀಸರಿಗೆ ಶಿಕ್ಷೆಯಾಗದೆ ಹೋದಾಗ ನಗರವೇ ಹೊತ್ತಿ ಉರಿದು, 50ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಪೊಲೀಸ್ ಮುಖ್ಯಸ್ಥನನ್ನು ತೆಗೆಯುವ ಅಧಿಕಾರ ಮೇಯರಿಗಿರಲಿಲ್ಲ. 1992ರಲ್ಲಿ ಮತದಾರರು ಆ ನಿಯಮವನ್ನೇ ತಿದ್ದಬೇಕಾಯಿತು.

ದೂರದ ಮಾತೇಕೆ? ನಮ್ಮ ರಾಜ್ಯದಲ್ಲಿ ಕೋಲಾರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಾಲದಲ್ಲಿಯೇ, 2000ದ ಮಾರ್ಚ್ 11ರಂದು, ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನವಾದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ದೆಹಲಿಯಲ್ಲಿ ಪ್ರತಿನಿಧಿಯಿದ್ದರೂ ಹಳ್ಳಿಯಲ್ಲಿ ಸಾಕ್ಷಿ ಹೇಳುವವನಿಗೆ ಧೈರ್ಯವಿರಲಿಲ್ಲ.

ಪ್ರತಿನಿಧಿಯೆಂದರೆ ಇನ್ನೊಬ್ಬರ ಸ್ಥಾನದಲ್ಲಿ ನಿಲ್ಲುವವನು ಎಂದು ನಾವು ಪಾಠ ಹೇಳುತ್ತೇವೆ. ಆದರೆ ಪೆಟ್ಟು ಬೀಳುವ ಹೊತ್ತಿಗೆ ಅವನು ಅಲ್ಲಿ ನಿಂತಿರುವುದಿಲ್ಲ. ನಗರಸಭೆಯ ಅಧ್ಯಕ್ಷರ ಕೈಯಲ್ಲಿ ನೀರು, ಬೀದಿದೀಪ, ಚರಂಡಿಗಳುಂಟು, ಪೊಲೀಸ್ ಠಾಣೆಯಿಲ್ಲ. ಅದು ರಾಜ್ಯ ಸರ್ಕಾರಕ್ಕೆ ಸೇರಿದ್ದು. ಅಭಯ ಕೊಡುವ ಬಲ ಬೇರೆಡೆ ಇದೆ: 1989ರ ದೌರ್ಜನ್ಯ ತಡೆ ಅಧಿನಿಯಮವು ಕರ್ತವ್ಯವನ್ನು ಬೇಕೆಂದೇ ಮರೆತ ಸರ್ಕಾರಿ ನೌಕರನಿಗೂ ಶಿಕ್ಷೆ ವಿಧಿಸಿದೆ. ಅದರ ನಿಯಮಗಳಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ಅದು ಸೇರಿತೆ, ಎಷ್ಟು ದೂರು ಬಂದವು, ಎಷ್ಟರಲ್ಲಿ ಶಿಕ್ಷೆಯಾಯಿತು ಎಂದು ಆರಿಸಿಹೋದವರು ಬಿಡದೆ ಕೇಳಿದರೆ, ಆಗ ಪೀಠಕ್ಕೂ ಅಭಯಕ್ಕೂ ನಂಟು ಬೆಳೆದೀತು.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಹಳ್ಳಿಯಿಂದ ಓದಲು ಬಂದ ನನ್ನ ಶಿಷ್ಯನೊಬ್ಬನಿಗೆ ಬಾಡಿಗೆ ಕೋಣೆ ಕೊಡಿಸಲು ಹೋಗಿದ್ದೆ. ಮನೆಯವರು ಆದರದಿಂದ ಕಾಫಿ ಕೊಟ್ಟರು. ಆಮೇಲೆ, "ಹುಡುಗ ಯಾವ ಜನ, ಮೇಷ್ಟ್ರೇ?" ಎಂದರು. ಹೇಳಿದೆ. ಕೋಣೆ ನಿನ್ನೆಯೇ ಬೇರೆಯವರಿಗೆ ಹೋಯಿತೆಂದರು. ಆಗ ಆ ಊರಿನ ಅಧ್ಯಕ್ಷರು ಆ ಹುಡುಗನ ಜಾತಿಯವರೇ! ನಾನು ಮರುಮಾತಾಡದೆ ಎದ್ದು ಬಂದೆ. ಬೀದಿಯಲ್ಲಿ ಹುಡುಗ, "ಹೋಗಲಿ ಬಿಡಿ ಸಾರ್" ಎಂದು ನನಗೇ ಸಮಾಧಾನ ಹೇಳಿದ. ಅಂದು ಸುಮ್ಮನಿದ್ದುದರ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದಕಾರಣ, ಊರು ನಿರ್ಭಯವೇ ಎಂದು ತಿಳಿಯಬೇಕಾದರೆ ಪೀಠದ ಮೇಲಿನ ಹೆಸರನ್ನು ಓದಿದರೆ ಸಾಲದು. ಕೇರಿಯ ಹೆಣ್ಣುಮಗಳು ಠಾಣೆಯ ಮೆಟ್ಟಲು ಹತ್ತಿದರೆ ದೂರು ಬರೆದುಕೊಳ್ಳುತ್ತಾರೆಯೆ? ಸಾಕ್ಷಿ ಹೇಳಿದವನಿಗೆ ಮರುದಿನ ಕೂಲಿ ಸಿಗುತ್ತದೆಯೆ? ಕ್ಷೌರದಂಗಡಿಯಲ್ಲಿ, ದೇವಸ್ಥಾನದಲ್ಲಿ, ಬಾಡಿಗೆಮನೆಯ ಬಾಗಿಲಲ್ಲಿ ಅವನಿಗೆ ಏನು ಉತ್ತರ ಬರುತ್ತದೆ? ಇವುಗಳಲ್ಲಿ ಕಡೆಯ ಪ್ರಶ್ನೆಗೆ ಉತ್ತರ ಹೇಳುವವರು ಅಧ್ಯಕ್ಷರಲ್ಲ. ಮನೆಯ ಯಜಮಾನರಾದ ನಾವು.