ಖೋ ಸಿಗದೆ ಕೂತವರು

2025ರ ಜನವರಿ 19, ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣ. ಮೊಟ್ಟಮೊದಲ ಖೋ-ಖೋ ವಿಶ್ವಕಪ್ಪಿನ ಮಹಿಳೆಯರ ಫೈನಲ್, ಕೊನೆಯ ಸರದಿ. ಅಟ್ಟಿಸಿಕೊಂಡು ಬರುತ್ತಿದ್ದವರು ನೇಪಾಳದ ಹುಡುಗಿಯರು. ತಪ್ಪಿಸಿಕೊಂಡು ಓಡುತ್ತಿದ್ದವರಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಒಂದು ಸರದಿಗೆ 7 ನಿಮಿಷ, ಅಂದರೆ 420 ಸೆಕೆಂಡು. ಅದರಲ್ಲಿ ಚೈತ್ರಾ ಇದ್ದ ಬ್ಯಾಚು ಕೈಗೆ ಸಿಗದೆ ಉಳಿದದ್ದು 5 ನಿಮಿಷ 14 ಸೆಕೆಂಡು. ಹತ್ತಿರ ಹತ್ತಿರ ಮುಕ್ಕಾಲು ಸರದಿ! ಶಾಲೆಯ ಮೈದಾನದಲ್ಲಿ ಖೋ-ಖೋ ಆಡಿದ ಯಾರನ್ನಾದರೂ ಕೇಳಿ ನೋಡಿ. ಒಂದು ನಿಮಿಷ ಉಳಿದರೇ ಉಸಿರು ಗಂಟಲಿಗೆ ಬಂದಿರುತ್ತದೆ. 78–40ರಿಂದ ಭಾರತ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ನಮ್ಮ ಕುರುಬೂರಿನ ಹುಡುಗಿ.

ಆ ತಂಡ ಫೈನಲ್ಲಿಗೆ ಬಂದ ದಾರಿಯನ್ನೂ ಎಣಿಸಿ. ದಕ್ಷಿಣ ಕೊರಿಯಾ ಎದುರು 175–18, ಇರಾನ್ ಎದುರು 100–16, ಮಲೇಷ್ಯಾ ಎದುರು 100–20, ಬಾಂಗ್ಲಾದೇಶ ಎದುರು 109–16, ದಕ್ಷಿಣ ಆಫ್ರಿಕಾ ಎದುರು 66–16. ಫೈನಲನ್ನೂ ಸೇರಿಸಿದರೆ ಆರು ಪಂದ್ಯಗಳಲ್ಲಿ ನಮ್ಮವರು ಗಳಿಸಿದ್ದು 628, ಬಿಟ್ಟುಕೊಟ್ಟದ್ದು 126.

ಆದರೆ ಆ ವಿಶ್ವಕಪ್ಪಿನಲ್ಲಿ ಆಡದೇ ಹೋದ ಪಂದ್ಯವೊಂದಿದೆ. ಮೊದಲ ವೇಳಾಪಟ್ಟಿಯಲ್ಲಿ ಉದ್ಘಾಟನಾ ದಿನವೇ ಭಾರತ–ಪಾಕಿಸ್ತಾನ ಪುರುಷರ ಪಂದ್ಯವಿತ್ತು. ಪಾಕಿಸ್ತಾನದ ಆಟಗಾರರಿಗೆ ವೀಸಾ ಸಿಗಲಿಲ್ಲ. ನೇಪಾಳ ಆ ಜಾಗಕ್ಕೆ ಬಂತು. ವರ್ಷಗಟ್ಟಲೆ ಬೆವರು ಸುರಿಸಿದ ಕಾಲುಗಳು ಅಂಕಣಕ್ಕೆ ಇಳಿಯಲೇ ಇಲ್ಲ.

ಆಟಗಾರನ ಮುಂದಿರುವ ಈ ವೀಸಾದ ಬೇಲಿ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಅಮೆರಿಕದ ಬೇಸ್‌ಬಾಲನ್ನು ನೋಡಬೇಕು. 2025ರ ಋತು ಶುರುವಾದಾಗ ಅಲ್ಲಿನ ಮೇಜರ್ ಲೀಗ್ ತಂಡಗಳಲ್ಲಿ ಅಮೆರಿಕದ 50 ರಾಜ್ಯಗಳ ಹೊರಗೆ ಹುಟ್ಟಿದ 265 ಆಟಗಾರರಿದ್ದರು, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಡೊಮಿನಿಕನ್ ಗಣರಾಜ್ಯ ಎಂಬ ಪುಟ್ಟ ದೇಶವೊಂದರಿಂದಲೇ 100 ಮಂದಿ. ಆ ದೇಶದ ಜನಸಂಖ್ಯೆ ಸುಮಾರು 1.1 ಕೋಟಿ, 2011ರ ಜನಗಣತಿಯ ಪ್ರಕಾರ ನಮ್ಮ ಮೈಸೂರು ಜಿಲ್ಲೆಯದು 30 ಲಕ್ಷ. ಅದೇ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯೊಂದರಿಂದಲೇ 27 ಮಂದಿ ಜಗತ್ತಿನ ಅತಿ ಶ್ರೀಮಂತ ಲೀಗುಗಳಲ್ಲೊಂದರಲ್ಲಿ ಆಡುತ್ತಿರಬೇಕಿತ್ತು!

ಅಲ್ಲಿಗೆ ಹೋಗುವ ಬಾಗಿಲು ಮೊದಲಿನಿಂದ ಇಷ್ಟು ಅಗಲವಾಗಿರಲಿಲ್ಲ. 2006ರವರೆಗೆ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಆಡಲು ಹೋಗುವ ವಿದೇಶಿ ಹುಡುಗರು ಎಚ್-2ಬಿ ಎಂಬ ವೀಸಾಕ್ಕೆ ನಿಲ್ಲಬೇಕಿತ್ತು. ಹೋಟೆಲ್ ಕೋಣೆ ಗುಡಿಸುವವರು, ಹುಲ್ಲುಹಾಸು ಕತ್ತರಿಸುವವರು, ಏಡಿಯ ಮಾಂಸ ಬಿಡಿಸುವವರು ನಿಲ್ಲುವುದೂ ಅದೇ ಸಾಲಿನಲ್ಲಿ. ಎಲ್ಲರಿಗೂ ಸೇರಿ ವರ್ಷಕ್ಕೆ 66 ಸಾವಿರ ವೀಸಾ. 2011ರಲ್ಲಿ ನಮ್ಮ ಜಿಲ್ಲೆಯ ನಂಜನಗೂಡು ಪಟ್ಟಣದಲ್ಲಿದ್ದವರು 50 ಸಾವಿರದ ಆಸುಪಾಸು. ಇಡೀ ಊರಿಗೆ ಊರೇ ಎದ್ದು ಹೊರಟರೂ ಮಿಗುವಷ್ಟು ಜಾಗ. ಆದರೂ 2004ರ ಅಕ್ಟೋಬರ್ 1ಕ್ಕೆ ಶುರುವಾದ ವರ್ಷದ ಪಾಲು 2005ರ ಜನವರಿ ಮೊದಲ ವಾರಕ್ಕೇ ಮುಗಿದುಹೋಯಿತು. ಆ ಲೀಗ್‌ಗಳ ಬೇಸ್‌ಬಾಲ್ ಶುರುವಾಗುತ್ತಿದ್ದದ್ದು ಏಪ್ರಿಲ್‌ನಲ್ಲಿ. ತೋಳಿನಲ್ಲಿ ಬಲವಿತ್ತು, ಕೈಯಲ್ಲಿ ಕರಾರು ಪತ್ರವಿತ್ತು, ವೀಸಾ ಮಾತ್ರ ಮುಗಿದಿತ್ತು.

ಆಮೇಲೆ ಆದದ್ದು ಈ ಎಲ್ಲ ಅಂಕಿಗಳಿಗಿಂತ ದೊಡ್ಡ ಸಂಗತಿ. 2006ರ ಡಿಸೆಂಬರ್‌ನಲ್ಲಿ ಬಂದ ಒಂದೇ ಒಂದು ಕಾನೂನು ಈ ಹುಡುಗರನ್ನು ಪಿ-1 ಎಂಬ ಕ್ರೀಡಾ ವೀಸಾಕ್ಕೆ ಸೇರಿಸಿತು. ಅದಕ್ಕೆ ವಾರ್ಷಿಕ ಮಿತಿಯೇ ಇಲ್ಲ. 66 ಸಾವಿರದ ಬೇಲಿ ಒಂದು ಸಹಿಯಿಂದ ಅವರ ಮುಂದಿನಿಂದ ಸರಿಯಿತು.

2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಕರಾರು ಮಾಡಿಕೊಂಡ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅಲ್ಲಿಗೆ ಹೋದದ್ದು ಆ ಬೇಲಿ ಸರಿದ ಮೇಲೆ. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಟಿವಿ ಸ್ಪರ್ಧೆಯೊಂದರಲ್ಲಿ ಚೆಂಡೆಸೆಯಲು ಬಂದ 37 ಸಾವಿರಕ್ಕೂ ಹೆಚ್ಚು ಜನರಲ್ಲಿ ಆಯ್ಕೆಯಾದವರು ಈ ಇಬ್ಬರು.

ಮಿತಿ ಹೋದರೂ ಖರ್ಚು ಹೋಗಿಲ್ಲ. 2025ರಲ್ಲಿ ಪಿ ವೀಸಾದ ಅರ್ಜಿ ಶುಲ್ಕ 205 ಡಾಲರ್ ಇತ್ತು, ಆಗಿನ ನಮ್ಮ ಹಣದಲ್ಲಿ ಹದಿನೇಳು-ಹದಿನೆಂಟು ಸಾವಿರ ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಕಪಿಲೆಯ ದಡದಲ್ಲಿ ಕೂಲಿ ಮಾಡುವ ತಾಯಿಯೊಬ್ಬಳು ಮಗಳ ಒಂದು ಅರ್ಜಿಗಾಗಿ ಸುಮಾರು 48 ದಿನ ಮಣ್ಣು ಹೊರಬೇಕಿತ್ತು. ಬಸ್ಸು, ಊಟ, ವಸತಿ ಬೇರೆ.

ಖೋ-ಖೋದಲ್ಲಿ ಒಂದು ನಿಯಮವಿದೆ. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳ ಹಿಮ್ಮಡಿ ಎತ್ತಿರುತ್ತದೆ, ಕೈ ನೆಲ ಮುಟ್ಟಿರುತ್ತದೆ, ಕಣ್ಣು ಓಟಗಾರ್ತಿಯ ಮೇಲಿರುತ್ತದೆ. ಎಷ್ಟೇ ಚುರುಕಿನವಳಾದರೂ ಬೆನ್ನ ಹಿಂದಿನಿಂದ ‘ಖೋ’ ಬೀಳುವ ತನಕ ಏಳುವಂತಿಲ್ಲ. ಅಂಕಣದಲ್ಲಿ ಆ ಖೋ ಸೆಕೆಂಡುಗಳಲ್ಲಿ ಬರುತ್ತದೆ. ಗಡಿಗಳ ನಡುವೆ ಕೂತವರಿಗೆ ತಿಂಗಳಾದರೂ ಬರುವುದಿಲ್ಲ, ಕೆಲವರಿಗೆ ಬರುವುದೇ ಇಲ್ಲ. 314 ಸೆಕೆಂಡಿನ ಓಟಕ್ಕೆ ಚೈತ್ರಾರಂಥವರ ಕಾಲು ಬೇಕು, ಅದನ್ನು ಯಾವ ಸರ್ಕಾರವೂ ಬರೆದು ಕೊಡಲಾರದು. 66 ಸಾವಿರವನ್ನು ಬರೆದದ್ದು ಮನುಷ್ಯರ ಕೈ, ಸರಿಸಿದ್ದೂ ಅದೇ ಕೈ. ಕೂತವರ ಹಿಮ್ಮಡಿ ಎದ್ದೇ ಇದೆ. ಹೇಳಬೇಕಾದವರು ಖೋ ಹೇಳಲಿ.