ಡೀಸೆಲ್ ಟ್ಯಾಂಕಿನೊಳಗಿನ ಗಾಳಿ

ಅಂಬಾಸಡರ್ ಕಾರುಗಳ ತಯಾರಿಕೆಯು ೨೦೧೪ರಲ್ಲಿ ನಿಂತಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳಲ್ಲಿ ಇಂತಹ ಹಳೆಯ ಡೀಸೆಲ್ ಕಾರನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದುಂಟು: ಸೋರುವ ಟ್ಯಾಂಕಿಗೆ ಬೆಸುಗೆ ಹಾಕಿಸಬೇಕೆ, ಹೊಸದನ್ನೇ ಕೂಡಿಸಬೇಕೆ? ಇದಕ್ಕೆ ಉತ್ತರವು ಟ್ಯಾಂಕಿನೊಳಗಿನ ಗಾಳಿಯಲ್ಲಿ ಅಡಗಿದೆ.

ಡೀಸೆಲು ತಗ್ಗಿದಂತೆಲ್ಲ ಅದರ ಸ್ಥಳವನ್ನು ಗಾಳಿಯು ಆಕ್ರಮಿಸುವುದಷ್ಟೆ. ಟ್ಯಾಂಕಿನಲ್ಲಿ ೩೦ ಲೀಟರು ಗಾಳಿಯಿದೆಯೆಂದೂ, ಹಗಲಿನ ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯು ಇರುಳಿನಲ್ಲಿ ೨೦ಕ್ಕೆ ಇಳಿಯಿತೆಂದೂ ಇಟ್ಟುಕೊಳ್ಳೋಣ. ಚಾರ್ಲ್ಸನ ನಿಯಮದಂತೆ ಆ ಗಾಳಿಯು ಸುಮಾರು ೧ ಲೀಟರಿನಷ್ಟು ಕುಗ್ಗುತ್ತದೆ. ಅಷ್ಟೇ ತೇವದ ಗಾಳಿಯು ಹೊರಗಿನಿಂದ ಒಳಸೇರುತ್ತದೆ. ತಣ್ಣಗಾದ ಲೋಹದ ಮೇಲೆ ಅದರ ತೇವವು ಇಬ್ಬನಿಯಾಗುತ್ತದೆ. ಡೀಸೆಲಿನ ಸಾಪೇಕ್ಷ ಸಾಂದ್ರತೆ ಸುಮಾರು ೦.೮೩, ಆದುದರಿಂದ ನೀರು ಅದರಡಿಗೆ ಇಳಿದು ತಳದಲ್ಲಿಯೇ ನಿಲ್ಲುತ್ತದೆ. ಒಂದು ರಾತ್ರಿಯದು ಅತ್ಯಲ್ಪ. ವರ್ಷಗಳು ಕಳೆದಂತೆ ತಗಡನ್ನು ತುಕ್ಕು ತಿಂದುಬಿಡುತ್ತದೆ. ಹೀಗೆ ಸವೆದ ತಗಡಿಗೆ ತೇಪೆ ಬಾಳದು.

ಇನ್ನೊಂದು ಅಪಾಯವೂ ಉಂಟು. ಡೀಸೆಲು ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳದಾದುದರಿಂದ ಬರಿದಾದ ಟ್ಯಾಂಕಿಗೆ ಬೆಸುಗೆ ಹಾಕಿದರೆ ಬಾಧಕವಿಲ್ಲವೆಂದು ಕೆಲವರು ನಂಬುತ್ತಾರೆ. ಇದು ಪ್ರಾಣಾಂತಿಕವಾದ ಭ್ರಮೆ. ಉರಿಯುವುದು ದ್ರವವಲ್ಲ, ಅದರ ಆವಿ. ಬೆಸುಗೆಯ ಶಾಖಕ್ಕೆ, ಮಡಿಕೆಗಳಲ್ಲಿ ಉಳಿದ ಎಣ್ಣೆಯು ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ಆವಿಯು ನೂರಕ್ಕೆ ಒಂದು ಪಾಲಿದ್ದರೂ ಆ ಮಿಶ್ರಣವು ಸಿಡಿಯಬಲ್ಲದು. ಆದುದರಿಂದ ಹೊಸ ಟ್ಯಾಂಕೇ ಲೇಸು.

ಬದಲಿಸುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು, ಬೆಂಕಿಯು ಸಮೀಪದಲ್ಲಿರಕೂಡದು. ಕಾರನ್ನು ಬರಿಯ ಜಾಕಿನ ಮೇಲೆ ನಿಲ್ಲಿಸದೆ ಭದ್ರವಾದ ಸ್ಟ್ಯಾಂಡುಗಳ ಮೇಲಿರಿಸಿ, ಉಳಿದ ಡೀಸೆಲನ್ನು ಮುಚ್ಚಳವುಳ್ಳ ಡಬ್ಬಕ್ಕೆ ಇಳಿಸಬೇಕು. ಡೀಸೆಲನ್ನು ಒಯ್ಯುವ ಕೊಳವೆಯೊಂದು, ಮಿಕ್ಕುದನ್ನು ಎಂಜಿನ್ನಿನಿಂದ ಮರಳಿ ತರುವುದಿನ್ನೊಂದು. ಇವು ಅದಲುಬದಲಾಗದಂತೆ ಗುರುತು ಮಾಡಬೇಕು. ಒಳಗೆ ಸತುವಿನ ಲೇಪವುಳ್ಳ ಟ್ಯಾಂಕು ಸಲ್ಲದು. ಸತುವು ಡೀಸೆಲಿನೊಡನೆ ವರ್ತಿಸಿ, ಫಿಲ್ಟರನ್ನು ಮುಚ್ಚುವ ವಸ್ತುಗಳನ್ನು ಉಂಟುಮಾಡುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೂ ಎಂಜಿನ್ನು ಹೊರಡದಿರಬಹುದು. ಇಲ್ಲಿಯೂ ಗಾಳಿಯೇ ಅಡ್ಡಿ. ಇಂಜೆಕ್ಟರು ತೆರೆಯಲು ವಾಯುಮಂಡಲದ ನೂರು ಪಟ್ಟಿಗೂ ಮಿಕ್ಕ ಒತ್ತಡ ಬೇಕು. ದ್ರವವು ಒತ್ತಡವನ್ನು ಮುಂದಕ್ಕೆ ಸಾಗಿಸುತ್ತದೆ. ಕೊಳವೆಯಲ್ಲಿ ಗಾಳಿಯಿದ್ದರೆ ಅದು ತಾನೇ ಕುಗ್ಗಿ ಒತ್ತಡವನ್ನು ಏರಗೊಡದು. ಆದ್ದರಿಂದ ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪನ್ನು ಒತ್ತಬೇಕು.

ಹೊಸ ಟ್ಯಾಂಕು ಬಹುಕಾಲ ಬಾಳಬೇಕಾದರೆ ಕಾರನ್ನು ನಿಲ್ಲಿಸುವ ಮುನ್ನ ಸಂಜೆಯೇ ಡೀಸೆಲು ತುಂಬಿಸಿಡುವುದು ಒಳ್ಳೆಯದು. ಒಳಗೆ ಗಾಳಿ ಕಡಿಮೆಯಾದಷ್ಟೂ ನೀರು ಕಡಿಮೆ, ತುಕ್ಕೂ ಕಡಿಮೆ.