ಅವರಿಗೆ ಬಂದ ಪತ್ರ ನಿಮಗೂ ತಿಳಿಯಲಿ

ನಿಮ್ಮ ಮನೆಯ ಜೀವವಿಮೆಯ ಕಂತಿನ ನೋಟೀಸು ಯಾರಿಗೆ ಬರುತ್ತೆ? ಕರೆಂಟು ಬಿಲ್ಲು? ಮಕ್ಕಳ ಕಾಲೇಜಿನ ಫೀಸಿನ ಪತ್ರ? ‘ಎಲ್ಲಾ ಅವರ ಈ-ಮೇಲಿಗೇ ಬರುತ್ತೆ, ನನಗೇನು ಗೊತ್ತು’ ಎನ್ನುತ್ತೀರಲ್ಲವೆ? ಹಿಂದೆ ಅಂಚೆಯವನು ತಂದ ಲಕೋಟೆಯನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದವರು ನೀವೇ. ಈಗ ಪತ್ರ ಬಂದದ್ದೂ ತಿಳಿಯದು, ಒಡೆಯದೆ ಉಳಿದದ್ದೂ ತಿಳಿಯದು.

ಇದೇನು ಮಹಾ ಎನ್ನಬೇಡಿ. ವಿಮೆಯ ವಾರ್ಷಿಕ ಕಂತು ಕಟ್ಟಲು ಗಡುವಿನ ಮೇಲೆ ಸಿಗುವ ಅವಕಾಶ 30 ದಿನ. ತಿಂಗಳ ಕಂತಾದರೆ 15 ದಿನ ಮಾತ್ರ. ಜಾಹೀರಾತುಗಳ ರಾಶಿಯಲ್ಲಿ ಆ ಒಂದು ನೋಟೀಸು ಕಣ್ತಪ್ಪಿದರೆ, ಕಷ್ಟಕಾಲಕ್ಕೆಂದು ಮಾಡಿಸಿದ ಪಾಲಿಸಿಯೇ ಕೈಕೊಟ್ಟೀತು.

ಇದಕ್ಕೊಂದು ಉಪಾಯವಿದೆ. ಮನೆ ಬದಲಿಸಿದಾಗ ‘ನಮ್ಮ ಕಾಗದಗಳನ್ನು ಹೊಸ ವಿಳಾಸಕ್ಕೆ ಕಳಿಸಿ’ ಎಂದು ಅಂಚೆ ಕಚೇರಿಗೆ ಬರೆದುಕೊಡುತ್ತೇವಲ್ಲ, ಹಾಗೆಯೇ ಇದು. ಈ-ಮೇಲಿನ ಅಂಚೆ ಕಚೇರಿಗೆ ಸರ್ವರ್ ಎಂದು ಹೆಸರು. ಒಮ್ಮೆ ಹೇಳಿಟ್ಟರೆ ಸಾಕು, ಅದು ಮೂಲ ಪತ್ರವನ್ನು ಅಲ್ಲೇ ಇಟ್ಟು, ಪ್ರತಿಯೊಂದನ್ನು ತಾನಾಗಿಯೇ ನಿಮಗೂ ಕಳಿಸುತ್ತೆ. ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟಂತೆ!

ಮಗಳು ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ ಹಿಡಿದು ಓದುತ್ತಿದ್ದಾಳೆ ಎನ್ನಿ. ಬೆಸ್ಕಾಂ ಬಿಲ್ಲು ಅವಳ ಜಿಮೇಲಿಗೆ ಬರುತ್ತೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅವಳು ಮರೆತರೂ ಊರಲ್ಲಿರುವ ನಿಮಗೆ ನೆನಪಾಗಬೇಕು. ಅದಕ್ಕೆ ಅವಳು ಹೀಗೆ ಮಾಡಲಿ (ಇದು ಮೊಬೈಲಿನ ಆ್ಯಪಿನಲ್ಲಿ ಆಗದು, ಕಂಪ್ಯೂಟರೇ ಬೇಕು):

1. ಹಲ್ಲುಚಕ್ರದ ಗುರುತು ಒತ್ತಿ, ಎಲ್ಲ ಸೆಟ್ಟಿಂಗ್ಸ್ ತೆರೆದು, ‘ಫಾರ್ವರ್ಡಿಂಗ್’ ವಿಭಾಗಕ್ಕೆ ಹೋಗಿ ನಿಮ್ಮ ವಿಳಾಸ ಸೇರಿಸಲಿ.

2. ನಿಮಗೊಂದು ಒಪ್ಪಿಗೆಯ ಪತ್ರ ಬರುತ್ತೆ. ಅದರಲ್ಲಿರುವ ಕೊಂಡಿಯನ್ನು ನೀವು ಒತ್ತಿ.

3. ಬಂದ ಪತ್ರವನ್ನೆಲ್ಲ ಕಳಿಸುವ ಆಯ್ಕೆಯೂ ಅಲ್ಲೇ ಇದೆ. ಅದು ಬೇಡ, ನಿಲ್ಲಿಸಿಯೇ ಇರಲಿ. ಮಗಳ ಗೆಳತಿಯರ ಪತ್ರ ನಮಗೇಕೆ?

4. ಹುಡುಕುವ ಪಟ್ಟಿಯ ಬಲತುದಿಯ ಗುರುತು ಒತ್ತಿ, ಬಿಲ್ಲು ಕಳಿಸುವವರ ವಿಳಾಸ ತುಂಬಿ, ‘ಫಿಲ್ಟರ್’ ಮಾಡಿ, ‘ಫಾರ್ವರ್ಡ್’ ಎಂಬಲ್ಲಿ ನಿಮ್ಮ ವಿಳಾಸ ಆರಿಸಲಿ. ಹಿಟ್ಟು ಜರಡಿ ಹಿಡಿದಂತೆ, ಬೇಕಾದದ್ದು ಮಾತ್ರ ಇತ್ತ ಬರುತ್ತೆ.

ಯಜಮಾನರ ವಿಮೆಯ ನೋಟೀಸಿಗೂ ಇದೇ ಕ್ರಮ. ಆದರೆ ಅವರು ಒಪ್ಪಿ, ಅವರೇ ಕೂತು ಮಾಡಲಿ. ಕದ್ದು ಮಾಡಿದರೆ ಅದು ಉಪಾಯವಲ್ಲ, ಅಪರಾಧ. ಬ್ಯಾಂಕಿನ ಓಟಿಪಿ ಮಾತ್ರ ಯಾರಿಗೂ ಹೀಗೆ ಹೋಗಬಾರದು. ಇನ್ನೊಂದು ಮಾತು: ಅವರದು ನಿಮಗೆ, ನಿಮ್ಮದು ಅವರಿಗೆ ಎಂದು ಎರಡೂ ಕಡೆ ಹಚ್ಚಿಡಬೇಡಿ. ಪತ್ರ ಗಾಣದೆತ್ತಿನಂತೆ ಸುತ್ತೀತು!

ಮಹಿಳಾ ಸಮಾಜಕ್ಕೆ ಸ್ವಂತ ಈ-ಮೇಲ್ ವಿಳಾಸವಿದ್ದರೆ, ಅಲ್ಲಿಗೆ ಬಂದ ಪತ್ರದ ಪ್ರತಿ ಅಧ್ಯಕ್ಷೆಗೂ ಕಾರ್ಯದರ್ಶಿಗೂ ಖಜಾಂಚಿಗೂ ಹೋಗುವಂತೆ ಮಾಡಿಸಬಹುದು. ‘ನನಗೆ ತಿಳಿಸಲೇ ಇಲ್ಲ’ ಎಂಬ ಮುನಿಸು ತಪ್ಪೀತು.

ಇಷ್ಟು ಅನುಕೂಲವಾದ ಈ ಬಾಗಿಲೇ ಕಳ್ಳನಿಗೂ ಬಾಗಿಲು. ಪಾಸ್‌ವರ್ಡ್ ಕದ್ದವರು ಒಳಹೊಕ್ಕು, ತಮ್ಮ ವಿಳಾಸವನ್ನು ಗುಟ್ಟಾಗಿ ಸೇರಿಸಿಟ್ಟು ಹೋಗುವುದುಂಟು. ಆಮೇಲೆ ನಿಮಗೆ ಬಂದ ಪತ್ರಗಳನ್ನು ಅವರೂ ಓದುತ್ತಿರುತ್ತಾರೆ. ಆಗ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಮುಂಬಾಗಿಲಿಗೆ ಹೊಸ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟರೆ ಏನು ಪ್ರಯೋಜನ? ‘ಫಾರ್ವರ್ಡಿಂಗ್’, ‘ಫಿಲ್ಟರ್’ ಎರಡೂ ಕಡೆ ನೋಡಿ, ಗುರುತಿಲ್ಲದ ವಿಳಾಸವಿದ್ದರೆ ಅಳಿಸಿಹಾಕಿ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ತಿಂಗಳ ದಿನಸಿ ಪಟ್ಟಿ ಬರೆಯುವ ದಿನವೇ ಇದನ್ನೂ ಒಮ್ಮೆ ನೋಡಿಬಿಡಿ. ಐದು ನಿಮಿಷದ ಕೆಲಸ. ಡಬ್ಬಿಯಲ್ಲಿ ಬೇಳೆ ಎಷ್ಟಿದೆ ಎಂದು ಬಲ್ಲ ನಿಮಗೆ, ಮನೆಯ ಕಾಗದಪತ್ರ ಎಲ್ಲಿಗೆ ಹೋಗುತ್ತಿದೆ ಅನ್ನೋದೂ ತಿಳಿದಿರಬೇಡವೆ?